ಚೆನ್ನಾಗಿ ಬಲ್ಲವರ ಮೂರು ಹೆಸರು

ರಿವರ್ ಸ್ಟ್ರೀಟ್, ಕನೆಕ್ಟಿಕಟ್
ನವೆಂಬರ್ 2, 1997, ಭಾನುವಾರ

ಬರ್ನೀ,

ನಿನ್ನ ಅಕ್ಕನ ಮನೆಗೆ ಒಂಬತ್ತು ಸಲ ಫೋನ್ ಮಾಡಿದೆ. ಒಂಬತ್ತು ಸಲವೂ ಅವಳೇ ಎತ್ತಿ, "ಬರ್ನಿಸ್ ಸ್ನಾನಕ್ಕೆ ಹೋಗಿದಾಳೆ" ಎಂದಳು. ಇಷ್ಟೊಂದು ಸ್ನಾನ ಯಾವಾಗಿನಿಂದ ಶುರು ಮಾಡಿದೆ ಮಾರಾಯ್ತಿ? ಮೈ ಚರ್ಮ ಸುಲಿದುಹೋದೀತು. ಕಾಗದವನ್ನಾದರೆ ಯಾರೂ ಹಾಗೆ ಬಾಗಿಲಲ್ಲೇ ತಡೆದು ಕಳಿಸಲಾರರು ಎಂದು ಇದನ್ನು ಬರೆಯುತ್ತಿದ್ದೇನೆ. ಹರಿಯುವುದೇ ಆದರೆ ಓದಿ ಆಮೇಲೆ ಹರಿ.

ಇವತ್ತು ಸತ್ತವರನ್ನು ನೆನೆಯುವ ದಿನ. ನೀನು ಊರಲ್ಲಿ ಇಲ್ಲವಲ್ಲ, ಮ್ಯಾನಿಯ ಸಮಾಧಿಗೆ ನಾನೇ ಹೋಗಿ ಹಳದಿ ಸೇವಂತಿಗೆಯ ಕುಂಡ ಇಟ್ಟು ಬಂದೆ. ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು, ಉಜ್ಜಿದೆ. "ನಿನ್ನ ಹೆಂಡ್ತಿ ನನ್ನ ಜೊತೆ ಮಾತು ಬಿಟ್ಟಿದಾಳೆ ಕಣಪ್ಪಾ" ಎಂದು ದೂರು ಹೇಳಿದೆ. ಬದುಕಿದ್ದಾಗಲೂ ಅವನು ನಮ್ಮಿಬ್ಬರ ಜಗಳಕ್ಕೆ ತಲೆ ಹಾಕಿದವನಲ್ಲ.

ನಕ್ಷೆ ಕೋಣೆಯಲ್ಲಿ ನಿನ್ನ ಕುರ್ಚಿಯ ದಿಂಬು ಹಾಗೇ ಇದೆ. ಹದಿನೆಂಟು ವರ್ಷ ನಾವಿಬ್ಬರೇ ಕೂತು ಸಬ್‌ಮರೀನುಗಳ ನಕ್ಷೆ ಕಾಯ್ದ ಆ ಕಿಟಕಿಯಿಲ್ಲದ ಕೋಣೆ ಎಷ್ಟು ದೊಡ್ಡದು ಎಂದು ಈಗ ಗೊತ್ತಾಗುತ್ತಿದೆ. ಸಂಜೆ ಬೀರುಗಳನ್ನು ಮುಚ್ಚಿ ನಾನು ಸಹಿ ಹಾಕುತ್ತೇನೆ. ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಎರಡನೇ ಸಹಿ ಹಾಕಲು ಕಾವಲಿನ ವೆಂಡೆಲ್‌ನನ್ನು ಕರೆಸಬೇಕು. ಆ ಮನುಷ್ಯ ಹಿಡಿಯನ್ನು ಎಳೆದೂ ನೋಡುವುದಿಲ್ಲ. ನೀನಾದರೆ ಹದಿನಾಲ್ಕು ಬೀರುಗಳನ್ನೂ ಒಂದೊಂದಾಗಿ ಎಳೆದು, "ನಿನ್ ಮೇಲೆ ನಂಗೆ ನಂಬ್ಕೆ ಇಲ್ಲ ಕಣೇ ಲೋರ್ನಾ" ಎಂದು ನಗುತ್ತಿದ್ದೆ.

ಒಂದೇ ಒಂದು ಸಲ ನನ್ನ ಮಾತನ್ನೂ ಕೇಳು. ಐದು ವರ್ಷಕ್ಕೊಮ್ಮೆ ನಮ್ಮ ಕ್ಲಿಯರೆನ್ಸ್, ಗುಟ್ಟಿನ ನಕ್ಷೆ ಮುಟ್ಟುವ ಸರ್ಕಾರದ ಅನುಮತಿ, ಹೊಸದು ಮಾಡುವಾಗ ತನಿಖೆಯವರು ನಮ್ಮನ್ನು ಬಲ್ಲವರ ಮನೆ ಬಾಗಿಲಿಗೆ ಬರುತ್ತಾರೆ, ಇದೇನು ಹೊಸದಲ್ಲ. ನಿನ್ನ ಅರ್ಜಿಯಲ್ಲಿ ಮೊದಲ ಹೆಸರು ನನ್ನದೇ. ತನಿಖೆಯ ಕಂದು ಕೋಟಿನವನು ಬಂದ, ಕೂತ, ಎಲ್ಲ ಕೇಳಿದ. ಕೊನೆಗೆ, "ಕಾನೂನು ಒಪ್ಪದ ಯಾವುದಾದ್ರೂ ಔಷಧ, ಮಾದಕವಸ್ತು ಅವ್ರು ತಗೊಂಡಿದ್ದು ನಿಮಗೆ ಗೊತ್ತಾ?" ಎಂದ. ನಾನು ಇದ್ದದ್ದನ್ನು ಹೇಳಿದೆ. ಗಂಡ ಸತ್ತ ಮೇಲೆ ಅವನ ನೋವಿನ ಮಾತ್ರೆಗಳು ಮನೆಯಲ್ಲಿ ಉಳಿದಿದ್ದವು, ಎಂಟು ತಿಂಗಳು ತಗೊಂಡಳು, ಆಮೇಲೆ ತಾನಾಗಿಯೇ ಬಿಟ್ಟಳು, ಉಳಿದದ್ದನ್ನು ನಾವಿಬ್ಬರೂ ಸೇರಿ ಕಮೋಡಿಗೆ ಸುರಿದೆವು. ಬಿಟ್ಟೆ ಅನ್ನುವುದು ನಿನಗೆ ಒಳ್ಳೆಯದೇ ಮಾಡುತ್ತದೆ ಎಂದುಕೊಂಡೆ. ನೀನು ಅರ್ಜಿಯಲ್ಲಿ "ಇಲ್ಲ" ಎಂದು ಬರೆದಿದ್ದೀಯ ಎಂಬುದು ಬೇರೆ ಮಾತು. ಆದರೆ ಎದುರಿಗೆ ಕೂರಿಸಿ ಕೇಳಿದಾಗಲೂ "ಇಲ್ಲ" ಅಂದೆಯಂತಲ್ಲ, ಯಾಕೇ? ಮಾತ್ರೆಗೆ ಅವರು ಬ್ಯಾಡ್ಜ್ ಕಿತ್ತುಕೊಳ್ಳುತ್ತಿರಲಿಲ್ಲ, ಸುಳ್ಳಿಗೆ ಕಿತ್ತುಕೊಂಡರು ಎಂದು ಇಲ್ಲಿ ಎಲ್ಲರೂ ಅನ್ನುತ್ತಾರೆ.

ಒಂದು ಸಾಲು ಬರೆ. ಬೈದಾದರೂ ಬರೆ.

ನಿನ್ನ
ಲೋರ್ನಾ


ರಿವರ್ ಸ್ಟ್ರೀಟ್
ಡಿಸೆಂಬರ್ 21, 1997

ಬರ್ನೀ,

ಇದರ ಜೊತೆ ಶುಂಠಿ ಬಿಸ್ಕತ್ತಿನ ಡಬ್ಬಿ ಕಳಿಸಿದ್ದೇನೆ. ನಿನ್ನದೇ ಡಬ್ಬಿ, ಹೋದ ವರ್ಷ ನೀನು ನನಗೆ ಸಿಹಿ ಬ್ರೆಡ್ ತುಂಬಿ ಕೊಟ್ಟದ್ದು. ಖಾಲಿ ಡಬ್ಬಿ ಹಿಂದಿರುಗಿಸಬಾರದು ಎಂದು ಮ್ಯಾನಿಯ ಅಮ್ಮ ಹೇಳುತ್ತಿದ್ದರಲ್ಲ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬರುವುದಿಲ್ಲ. ಬಾಯಲ್ಲಿ ಮಾತ್ರ, "ನೀನು ಮಾಡಿದ್ದು ಸರಿ ಲೋರ್ನಾ, ಕೇಳಿದ್ರೆ ಹೇಳ್ಲೇಬೇಕು" ಅನ್ನುತ್ತಾರೆ. ಅಂದು, ತಟ್ಟೆ ಎತ್ತಿಕೊಂಡು ಆಚೆ ಮೇಜಿಗೆ ಹೋಗುತ್ತಾರೆ. ನನ್ನ ಹತ್ತಿರ ಕೂತು ಏನಾದರೂ ಬಾಯಿ ಬಿಟ್ಟರೆ ಅದು ಎಲ್ಲಿಗೆ ತಲುಪುತ್ತದೋ ಎಂಬ ಹೆದರಿಕೆ. ಮೊನ್ನೆ ಪೇಂಟ್ ವಿಭಾಗದವನೊಬ್ಬ ತನ್ನ ಮಗನ ಮದುವೆಯಲ್ಲಿ ಎಷ್ಟು ಬಿಯರ್ ಕುಡಿದೆ ಎಂದು ಕಥೆ ಹೇಳುತ್ತಿದ್ದವನು ನನ್ನನ್ನು ಕಂಡು, "ಎರಡೇ ಲೋಟ ಕಣಮ್ಮ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆಲಸದ ಮಾತನ್ನು ಹೊರಗೆ ಯಾರಿಗೂ ಆಡುವ ಹಾಗಿಲ್ಲ. ಒಳಗೆ ಆಡಲು ನೀನಿಲ್ಲ. ಮನೆಗೆ ಬಂದರೆ ನಾನೊಬ್ಬಳೇ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ನನ್ನ ದನಿಯನ್ನು ನಾನೇ ಕೇಳಿಲ್ಲ ಎಂದು ಹೋದ ವಾರ ಗೊತ್ತಾಯಿತು.

ಹೋದ ಕ್ರಿಸ್‌ಮಸ್‌ಗೆ ನೀನು ಅಂಟಿಸಿದ ತಮಾಷೆ ಇನ್ನೂ ನನ್ನ ಫ್ರಿಜ್ಜಿನ ಮೇಲೆ ಇದೆ. ಬೀರುಗಳಿಗೆ ಅಂಟಿಸುವ ಆ ಫಲಕ, ಒಂದು ಬದಿ "ತೆರೆದಿದೆ", ಇನ್ನೊಂದು ಬದಿ "ಮುಚ್ಚಿದೆ". ಫ್ರಿಜ್ ಮುಚ್ಚಿದಾಗಲೆಲ್ಲ ತಿರುಗಿಸುತ್ತೇನೆ. ನೋಡುವವರು ಯಾರೂ ಇಲ್ಲ.

ಹಬ್ಬದ ಶುಭಾಶಯ. ನಿನ್ನ ಅಕ್ಕನಿಗೂ.

ಲೋರ್ನಾ


ಸ್ಯಾಕೋ, ಮೇನ್
ಜನವರಿ 12, 1998

ಲೋರ್ನಾ,

ಡಬ್ಬಿ ಬಂತು. ಬಿಸ್ಕತ್ತು ಅಕ್ಕನ ಪಾಲಾಯಿತು. ಡಬ್ಬಿಯನ್ನು ಖಾಲಿಯಾಗಿಯೇ ವಾಪಸು ಕಳಿಸುತ್ತಿದ್ದೇನೆ, ಮ್ಯಾನಿಯ ಅಮ್ಮ ನನ್ನನ್ನು ಕ್ಷಮಿಸಲಿ.

ಬೈದಾದರೂ ಬರೆ ಎಂದೆಯಲ್ಲ. ಬೈಯಲು ಬರೆಯುತ್ತಿಲ್ಲ. ನೀನು ಸತ್ಯ ಹೇಳಿದ್ದಕ್ಕೆ ನನಗೆ ಕೋಪವಿಲ್ಲ. ನಾನಿದ್ದ ಜಾಗದಲ್ಲಿ ನೀನಿದ್ದು, ನನ್ನನ್ನು ಕೇಳಿದ್ದರೆ ನಾನೂ ಹೇಳುತ್ತಿದ್ದೆನೋ ಏನೋ. ಗೊತ್ತಿಲ್ಲ.

ಸರ್ಕಾರದಿಂದ ಕಾರಣಗಳ ಪತ್ರ ಬಂದಿದೆ. ನನ್ನನ್ನು ಏಕೆ ನಂಬಲಾಗದು ಎಂದು ಅಂಕೆ ಹಾಕಿ ಬರೆದಿದ್ದಾರೆ. ಒಂದು, ವೈದ್ಯರು ನನಗೆ ಬರೆದುಕೊಡದ ಮಾತ್ರೆ ತೆಗೆದುಕೊಂಡೆ. ಎರಡು, ಅರ್ಜಿಯಲ್ಲಿ ಮುಚ್ಚಿಟ್ಟೆ. ಮೂರು, ವಿಚಾರಣೆಯಲ್ಲಿ ಮತ್ತೆ ಮುಚ್ಚಿಟ್ಟೆ. ಒಂದನೆಯದನ್ನು ಕ್ಷಮಿಸಬಹುದು, ಬಿಟ್ಟು ಎರಡು ವರ್ಷ ಆಗಿದೆ, ಮೂರನೆಯದೇ ನನ್ನನ್ನು ಮುಳುಗಿಸುವುದು ಎಂದು ಇಲ್ಲಿಯ ವಕೀಲ ಹೇಳಿದ. "ಅವರಾಗಿ ಕೇಳೋಕೆ ಮೊದ್ಲು ನೀವೇ ಹೋಗಿ ತಪ್ಪಾಯ್ತು ಅಂತ ಹೇಳಿದ್ರೆ ಉಳ್ಕೋತಿದ್ರಿ ಮೇಡಂ. ಒಂದು ದಿನ ಮೊದ್ಲು ಹೇಳಿದ್ರೂ ಸಾಕಿತ್ತು" ಎಂದ.

ಆಮೇಲೆ ನಾನು ಪತ್ರದಲ್ಲಿದ್ದ ತಾರೀಕುಗಳನ್ನು ಓದಿದೆ. ನನ್ನನ್ನು ವಿಚಾರಿಸಿದ್ದು ಸೆಪ್ಟೆಂಬರ್ 23, ಮಂಗಳವಾರ. "ನೆರೆಯ ಪರಿಚಿತರೊಬ್ಬರನ್ನು", ಅಂದರೆ ನಿನ್ನನ್ನು, ವಿಚಾರಿಸಿದ್ದು ಸೆಪ್ಟೆಂಬರ್ 18, ಗುರುವಾರ.

ಆ ಶುಕ್ರವಾರ ನಾವಿಬ್ಬರೂ ದೋಣಿಕಟ್ಟೆಯ ಹೋಟೆಲಿನಲ್ಲಿ ಊಟ ಮಾಡಿದೆವು ಲೋರ್ನಾ. ಚಿಪ್ಪಿನ ಸೂಪ್ ತಿಂದೆವು. ಸಪ್ಪೆ ಎಂದೆ ನಾನು. ನೀನು ಉಪ್ಪಿನ ಬುಡ್ಡಿಯನ್ನು ನನ್ನ ಕಡೆ ತಳ್ಳಿದೆ. ಮಂಗಳವಾರ ವಿಚಾರಣೆ ಇದೆ, ಏನೂ ಆಗಲ್ಲ ಬಿಡು ಎಂದು ನಾನೇ ಹೇಳಿದೆ. "ಏನಾಗತ್ತೆ, ಸುಮ್ನೆ ಹೋಗ್ಬಾ" ಎಂದೆ ನೀನು. ಸೋಮವಾರ ಇಡೀ ದಿನ ನೀನು ನನ್ನಿಂದ ಮೂರು ಅಡಿ ದೂರದಲ್ಲಿ ಕೂತಿದ್ದೆ.

ಯಾಕೇ ಎಂದು ನೀನು ನನ್ನನ್ನು ಕೇಳಿದ್ದೀಯ. ಅದೇ ಮಾತನ್ನು ನಾನು ನಿನ್ನನ್ನು ಕೇಳುತ್ತಿದ್ದೇನೆ.

ಬರ್ನಿಸ್ ಪಚೆಕೊ


ರಿವರ್ ಸ್ಟ್ರೀಟ್
ಜನವರಿ 25, 1998

ಬರ್ನೀ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಬರ್ನಿಸ್ ಪಚೆಕೊ" ಎಂದು ಪೂರ್ತಿ ಹೆಸರಿನ ಸಹಿ, ಬ್ಯಾಂಕಿನವರಿಗೆ ಹಾಕುವ ಹಾಗೆ.

ಯಾಕೆ ಹೇಳಲಿಲ್ಲ ಎಂದರೆ, ಅವನು ಹೊರಡುವಾಗ, "ನಾವು ಮಾತಾಡಿದ್ದನ್ನ ಅವರ ಹತ್ರ ಚರ್ಚೆ ಮಾಡ್ಬೇಡಿ" ಎಂದಿದ್ದ. ನಿನಗೆ ಗೊತ್ತಲ್ಲ, ನಮಗೆ ಅದು ರಕ್ತದಲ್ಲಿ ಬಂದುಬಿಟ್ಟಿದೆ. ಹೇಳಬೇಡ ಎಂದರೆ ಹೇಳುವುದಿಲ್ಲ. ಬಲಗೈ ಮೇಲೆತ್ತಿ ಪ್ರಮಾಣ ಮಾಡಿದ ಹೆಂಗಸು ನಾನು. ನನ್ನ ಗಂಡ ಬಿಟ್ಟುಹೋಗುವ ಮುಂಚೆ, ಹನ್ನೊಂದು ವರ್ಷ, ನಾನು ಯಾವ ಕೋಣೆಯಲ್ಲಿ ಕೂರುತ್ತೇನೆ ಎಂಬುದನ್ನೂ ಅವನಿಗೆ ಹೇಳಿರಲಿಲ್ಲ. ಅದೇ ಅಭ್ಯಾಸ ನಿನ್ನ ಮೇಲೂ ನಡೆದುಹೋಯಿತು. ಅಷ್ಟೇ ಕಾರಣ. ಬೇರೇನೂ ಇಲ್ಲ.

ಹೋಟೆಲಿನಲ್ಲಿ ಎರಡು ಸಲ ಬಾಯಿವರೆಗೂ ಬಂತು. ಅಷ್ಟರಲ್ಲಿ ಆ ಹುಡುಗಿ ಬಿಲ್ ತಂದಿಟ್ಟಳು.

ನೀನು ಸರ್ಕಾರಕ್ಕೆ ಉತ್ತರ ಬರೆಯುವಾಗ ನಾನೂ ಒಂದು ಪತ್ರ ಬರೆದುಕೊಡುತ್ತೇನೆ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ನಕ್ಷೆ ಜಾಗ ತಪ್ಪಿಲ್ಲ, ಇಂಥವಳು ಹಡಗು ಕಟ್ಟುವ ಈ ಇಡೀ ಯಾರ್ಡಿನಲ್ಲಿ ಇಲ್ಲ ಎಂದು ಬರೆಯುತ್ತೇನೆ. ನೋಟರಿಯ ಮುಂದೆ ಸಹಿ ಹಾಕುತ್ತೇನೆ. ಬೇಡ ಎನ್ನಬೇಡ.

ನಿನ್ನ
ಲೋರ್ನಾ


ಸ್ಯಾಕೋ
ಏಪ್ರಿಲ್ 30, 1998

ಲೋರ್ನಾ,

ತೀರ್ಮಾನ ಬಂತು. ಕ್ಲಿಯರೆನ್ಸ್ ಕೊಡುವುದಿಲ್ಲ ಎಂದಿದ್ದಾರೆ. ಒಂದು ವರ್ಷ ಕಳೆದ ಮೇಲೆ, ಯಾರಾದರೂ ಕೆಲಸ ಕೊಡುತ್ತೇವೆಂದು ಮುಂದೆ ಬಂದರೆ, ಮತ್ತೆ ಅರ್ಜಿ ಹಾಕಬಹುದಂತೆ. ನಾನೀಗ ಇಲ್ಲಿಯ ಶಾಲೆಯ ಅಡುಗೆಮನೆಯಲ್ಲಿ ಬಡಿಸುತ್ತಿದ್ದೇನೆ. ಮಕ್ಕಳು ಬಟಾಣಿ ಬೇಡ ಅನ್ನುತ್ತವೆ. ಇಲ್ಲಿ ಏನನ್ನೂ ಬೀಗ ಹಾಕಿ ಇಡುವ ಹಾಗಿಲ್ಲ, ಯಾರೂ ಯಾರ ಕೈಯನ್ನೂ ನೋಡುವುದಿಲ್ಲ. ಮೊದಲ ದಿನ ಸಂಜೆ ಕಪಾಟುಗಳನ್ನೆಲ್ಲ ಎಳೆದು ನೋಡಿದೆ. ಮುಖ್ಯ ಅಡುಗೆಯವಳು, "ಏನಮ್ಮಾ ಕಳೆದ್ಹೋಗಿದೆ?" ಎಂದಳು. ಏನೂ ಇಲ್ಲ ಎಂದೆ.

ನಾನು ಉತ್ತರದಲ್ಲಿ ಎಲ್ಲ ಸತ್ಯ ಬರೆದೆ. ಮ್ಯಾನಿ ಹೋದ ಮೇಲೆ ಅವನ ಮಗ್ಗುಲು ಖಾಲಿ ಇತ್ತು. ಮಾತ್ರೆ ತಗೊಂಡರೆ ಆ ಖಾಲಿ ಕಾಣುತ್ತಿರಲಿಲ್ಲ. ನೋವಿಗಲ್ಲ, ಅಮಲಿಗೂ ಅಲ್ಲ, ಅದಕ್ಕೇ ತಗೊಂಡೆ ಎಂದು ಬರೆದೆ. ಒಬ್ಬ ಗಂಡಸು ಯಾವುದೋ ಕಚೇರಿಯಲ್ಲಿ ಕೂತು ಅದನ್ನು ಓದುತ್ತಾನೆ ಎಂದು ಗೊತ್ತಿದ್ದೂ ಬರೆದೆ. ಬರೆದು ನಾಚಿಕೆಯಾಯಿತು, ಹಗುರವೂ ಆಯಿತು.

ಒಂದು ಕಡೆ ಮಾತ್ರ ಸತ್ಯ ಬರೆಯಲಿಲ್ಲ. "ಇಲ್ಲ ಎಂದು ಬರೆಯುವಂತೆ ನಿಮಗೆ ಯಾರಾದರೂ ಸಲಹೆ ಕೊಟ್ಟರೇ?" ಎಂದು ಕೇಳಿದ್ದರು. ಯಾರೂ ಕೊಡಲಿಲ್ಲ ಎಂದು ಬರೆದೆ.

ನಿನಗೆ ನೆನಪಿರಬೇಕು. ಇಲ್ಲದಿದ್ದರೂ ನನಗಿದೆ. ಅರ್ಜಿ ತುಂಬುತ್ತಾ, ಪೆನ್ನು ಎತ್ತಿ ಹಿಡಿದು, "ಇದನ್ನೂ ಬರೀಬೇಕೇನೇ?" ಎಂದು ನಾನು ಕೇಳಿದ್ದೆ. ನೀನು ಸೇಬು ಹೆಚ್ಚುತ್ತಿದ್ದೆ. "ಗಂಡನ ಮಾತ್ರೆ ತಾನೇ, ಅದೇನು ಬೀದೀಲಿ ಕೊಂಡಿದ್ದಾ? ಇಲ್ಲ ಅಂತ ಗುರುತು ಹಾಕಿ ಮುಂದಿನ್ ಪುಟಕ್ಕೆ ಹೋಗು" ಎಂದೆ.

ನಿನ್ನ ಹೆಸರು ಬಂದರೆ ನಿನ್ನ ಬ್ಯಾಡ್ಜೂ ಹೋಗುತ್ತದೆ. ನನ್ನದು ಹೇಗೂ ಹೋಗಿತ್ತು. ಇಬ್ಬರೂ ಬೀದಿಗೆ ಬಿದ್ದು ಏನು ಪ್ರಯೋಜನ ಎಂದುಕೊಂಡೆ.

ನಿನ್ನ ನೋಟರಿ ಪತ್ರ ಬೇಡ. ಇನ್ನು ಬರೆಯಬೇಡ.

ಬರ್ನಿಸ್


ರಿವರ್ ಸ್ಟ್ರೀಟ್
ಸೆಪ್ಟೆಂಬರ್ 7, 1998

ಬರ್ನೀ,

ಬರೆಯಬೇಡ ಎಂದೆ, ನಾಲ್ಕು ತಿಂಗಳು ಬರೆಯಲಿಲ್ಲ. ಇವತ್ತು ಯಾರ್ಡಿಗೆ ರಜೆ, ಬೀದಿಯಲ್ಲಿ ಎಲ್ಲರ ಹಿತ್ತಲಲ್ಲೂ ಮಾಂಸ ಸುಡುವ ವಾಸನೆ. ನನ್ನನ್ನು ಯಾರೂ ಕರೆದಿಲ್ಲ. ಒಬ್ಬಳೇ ಕೂತು ಜೋಳ ಬೇಯಿಸಿ ತಿಂದೆ. ಎರಡು ತೆನೆ ಬೇಯಿಸಿದ್ದೆ, ಅಭ್ಯಾಸ.

ನಿನ್ನ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ಇಪ್ಪತ್ತಾರು ವರ್ಷ, ಒಳ್ಳೆಯ ಹುಡುಗಿ. ನನ್ನ ಮುಂದೆ ತೂಕ ಮಾಡಿ ಮಾತಾಡುತ್ತಾಳೆ. ಯಾರೋ ಕಿವಿಯೂದಿರಬೇಕು. ಮೊನ್ನೆ, "ವಾರಾಂತ್ಯ ಹೇಗಿತ್ತಮ್ಮಾ?" ಎಂದು ಕೇಳಿದೆ. ಮುಖ ಕೆಂಪಾಯಿತು. "ಮನೇಲೇ ಇದ್ದೆ. ಏನೂ ಮಾಡ್ಲಿಲ್ಲ" ಎಂದಳು. ನಿನ್ನ ದಿಂಬನ್ನು ಅವಳಿಗೆ ಕೊಡಲಿಲ್ಲ, ನನ್ನ ಮನೆಗೆ ತಂದಿಟ್ಟಿದ್ದೇನೆ.

ಮ್ಯಾನಿಯ ಸಮಾಧಿಯ ಹುಲ್ಲು ಕತ್ತರಿಸಿದೆ. ಕಲ್ಲಿನ ಮೇಲೆ ಅವನ ಹೆಸರಿನ ಪಕ್ಕ ನಿನ್ನ ಹೆಸರು, ಹುಟ್ಟಿದ ಒಂದೇ ತಾರೀಕು. ಇನ್ನೊಂದು ತಾರೀಕಿನ ಜಾಗ ಖಾಲಿ. ಅದನ್ನು ನೋಡಿದಾಗ, ನೀನು ಎಲ್ಲೇ ಇದ್ದರೂ ಒಂದು ದಿನ ಈ ಊರಿಗೆ ಬರಲೇಬೇಕಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎಂಥ ಸಮಾಧಾನ ನೋಡು.

ನಿನ್ನ ಏಪ್ರಿಲ್ ಕಾಗದ ಮೇಜಿನ ಮೇಲೇ ಇದೆ. ಸೇಬಿನ ಮಾತು ನೆನಪಿದೆ. ಮರೆತದ್ದೇ ಇಲ್ಲ.

ಲೋರ್ನಾ


ರಿವರ್ ಸ್ಟ್ರೀಟ್
ಏಪ್ರಿಲ್ 4, 1999

ಬರ್ನೀ,

ಈಸ್ಟರ್ ಹಬ್ಬದ ಶುಭಾಶಯ. ನಿಮ್ಮ ಚರ್ಚಿನ ಮುಂದೆ ಹಾದು ಬಂದೆ, ಸಿಹಿ ಬ್ರೆಡ್ಡಿನ ಘಮ ಬೀದಿಗೇ ಬರುತ್ತಿತ್ತು. ಒಂದು ಕೊಂಡು ತಂದೆ. ನಿನ್ನದರ ಹಾಗೆ ಇಲ್ಲ, ಒಣಗಿತ್ತು.

ಬದುಕಿದ್ದೀಯ ಎಂದಷ್ಟಾದರೂ ತಿಳಿದರೆ ಸಾಕು.

ಲೋರ್ನಾ


ರಿವರ್ ಸ್ಟ್ರೀಟ್
ಜೂನ್ 17, 1999, ಗುರುವಾರ, ಮಧ್ಯಾಹ್ನ ಎರಡೂವರೆ

ಬರ್ನೀ,

ಗಂಟೆಯನ್ನೂ ಬರೆದಿದ್ದೇನೆ, ನೋಡು. ತನಿಖೆಯವರು ಹೋಗಿ ಇಪ್ಪತ್ತು ನಿಮಿಷವಾಯಿತು. ಮೊದಲು ಫೋನ್ ಮಾಡಿದೆ. ನಿನ್ನ ಅಕ್ಕ ಇವತ್ತೂ ಸ್ನಾನ ಎಂದಳು! ಅವಳಿಗೆ ಹೇಳುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಗಂಟೆಯೊಳಗೆ ಕೊಟ್ಟರೆ ನಾಳೆ ಮಧ್ಯಾಹ್ನಕ್ಕೆ ತಲುಪಿಸುವ ಅಂಚೆ ಇದೆ, ಅದರಲ್ಲಿ ಹಾಕುತ್ತೇನೆ.

ಈ ಸಲ ಬಂದದ್ದು ಹೆಂಗಸು. ಬ್ಯಾಡ್ಜ್ ತೋರಿಸಿ, "ಬರ್ನಿಸ್ ಪಚೆಕೊ ತಮ್ಮನ್ನ ಚೆನ್ನಾಗಿ ಬಲ್ಲವರು ಅಂತ ನಿಮ್ಮ ಹೆಸರು ಕೊಟ್ಟಿದಾರೆ" ಎಂದಳು.

"ಯಾವ ಬರ್ನಿಸ್?" ಎಂದೆ, ಪೆದ್ದಿಯ ಹಾಗೆ. ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದೆ. ನೀನು ಹೊಸದಾಗಿ ಅರ್ಜಿ ಹಾಕಿದ್ದೀಯ, ಮೂರು ಹೆಸರು ಬರೆಯುವ ಜಾಗದಲ್ಲಿ ಮತ್ತೆ ನನ್ನ ಹೆಸರು ಬರೆದಿದ್ದೀಯ ಎಂಬುದು ತಲೆಗೆ ಇಳಿಯಲು ಹೊತ್ತು ಹಿಡಿಯಿತು.

ಒಳಗೆ ಕೂರಿಸಿದೆ. "ತಿಂಗಳಿಗೆ ಎಷ್ಟು ಸಲ ಮಾತಾಡ್ತೀರಿ?" ಎಂದು ಕೇಳಿದಳು.

"ಒಂದೂ ಇಲ್ಲ."

"ಕೊನೇ ಸಲ ಮಾತಾಡಿದ್ದು?"

"ತೊಂಬತ್ತೇಳರ ಅಕ್ಟೋಬರ್, ಅವಳ ಬ್ಯಾಡ್ಜ್ ತಗೊಂಡ್ ದಿನ."

ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಮತ್ತೆ ನಿಮ್ಮ ಹೆಸರು ಯಾಕೆ ಬರೆದ್ರು?"

"ಅದನ್ನ ಅವಳನ್ನೇ ಕೇಳ್ಬೇಕು."

ಮಾತ್ರೆಯ ವಿಷಯ ಕೇಳಿದಳು, ಮೊದಲು ಹೇಳಿದ್ದನ್ನೇ ಹೇಳಿದೆ. ನೀನು ಮತ್ತೆ ಯಾವತ್ತೂ ಮುಟ್ಟಿಲ್ಲ ಎಂದೆ. ಇವಳನ್ನು ನಂಬಬಹುದೇ ಎಂದಳು. ನನ್ನನ್ನು ನಂಬುವುದಕ್ಕಿಂತ ಹೆಚ್ಚು ನಂಬಬಹುದು ಎಂದೆ. ಅವಳು ಅದನ್ನು ತಮಾಷೆ ಎಂದುಕೊಂಡು ನಕ್ಕಳು. ಆಮೇಲೆ, "ಮೊದಲ ಅರ್ಜೀಲಿ ಇಲ್ಲ ಅಂತ ಯಾಕೆ ಬರೆದ್ರು, ನಿಮಗೇನಾದ್ರೂ ಗೊತ್ತಾ? ಯಾರಾದ್ರೂ ಹೇಳಿಕೊಟ್ರಾ?" ಎಂದು ಕೇಳಿದಳು.

ಗೊತ್ತಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ನೀನೂ ಯಾರೂ ಇಲ್ಲ ಎಂದು ಬರೆದುಕೊಟ್ಟಿದ್ದೀಯ, ಎರಡೂ ತಾಳೆಯಾಗುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿಂದ, "ನಾನು" ಎಂದೇ ಬಂತು. ಸೇಬಿನ ಮಾತಿನ ಸಮೇತ ಹೇಳಿಬಿಟ್ಟೆ. ಅವಳು ಬರೆದುಕೊಂಡಳು.

ಅವಳು ಮೆಟ್ಟಿಲಿಳಿಯುವಾಗ ಹೊಳೆಯಿತು. ನಾನು ಸತ್ಯ ಹೇಳಿ, ನಿನ್ನನ್ನು ಮತ್ತೆ ಸುಳ್ಳುಗಾತಿ ಮಾಡಿದ್ದೇನೆ. ನೀನು ನನ್ನನ್ನು ಉಳಿಸಲು ಬರೆದ ಒಂದು ಸಾಲು ಈಗ ನಿನ್ನ ಕೊರಳಿಗೇ ಬರುತ್ತದೆ. ಬರ್ನೀ, ಅವರು ನಿನ್ನನ್ನು ಕರೆದು ಕೇಳುವ ಮೊದಲು ನೀನೇ ಫೋನ್ ಮಾಡಿ ಹೇಳು. ನಾಳೆಯೇ ಹೇಳು. ನನ್ನ ಹೆಸರು ಹೇಳು, ನನ್ನನ್ನು ಉಳಿಸಲು ಹೋಗಬೇಡ. ಅವಳ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ. ಚರ್ಚೆ ಮಾಡಬೇಡಿ ಎಂದು ಇವಳೂ ಹೇಳಿದಳು. ಹೇಳಲಿ.

ಈಗ ಅಂದಿನ ಮಾತು. ಆ ಶುಕ್ರವಾರ ನಾನು ಸುಮ್ಮನಿದ್ದದ್ದು ಅವನು ಹೇಳಬೇಡ ಎಂದದ್ದಕ್ಕೆ ಅಲ್ಲ. ನಿನಗೆ ಬರೆದದ್ದು ಸುಳ್ಳು. ನಿನಗೆ ತಿಳಿಸಿದರೆ ನೀನು ಓಡಿಹೋಗಿ ತಪ್ಪಾಯಿತು ಅನ್ನುತ್ತೀಯ, ಯಾಕೆ ಇಲ್ಲ ಎಂದು ಬರೆದಿರಿ ಎಂದು ಅವರು ಕೇಳುತ್ತಾರೆ, ನೀನು ಲೋರ್ನಾ ಹೇಳಿದಳು ಅನ್ನುತ್ತೀಯ, ನನ್ನ ಬ್ಯಾಡ್ಜ್ ಹೋಗುತ್ತದೆ. ಇಷ್ಟನ್ನೂ ಸೂಪ್ ಬರುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಉಪ್ಪು ತಳ್ಳಿದ್ದು ನಿನ್ನ ಮುಖ ನೋಡುವುದನ್ನು ತಪ್ಪಿಸಿಕೊಳ್ಳಲು. ನಾನು ಹೆದರುಪುಕ್ಕಲಿ. ನಿನ್ನನ್ನು ಮಾರಿ ನನ್ನ ಕುರ್ಚಿ ಉಳಿಸಿಕೊಂಡೆ, ಆ ಕುರ್ಚಿಯಲ್ಲಿ ಒಂದು ದಿನವೂ ಸುಖವಾಗಿ ಕೂರಲಿಲ್ಲ.

ಮೂರೂವರೆ ಆಯಿತು, ಅಂಚೆಗೆ ಹೋಗಬೇಕು.

ಲೋರ್ನಾ


ಸ್ಯಾಕೋ
ನವೆಂಬರ್ 5, 1999, ಶುಕ್ರವಾರ

ಲೋರ್ನಾ,

ಉತ್ತರ ಬರೆಯಲು ಐದು ತಿಂಗಳು ತೆಗೆದುಕೊಂಡೆ. ಏನು ತೀರ್ಮಾನವಾಗುತ್ತದೋ ತಿಳಿಯದೆ ನಿನಗೆ ಬರೆಯಬಾರದು ಎಂದು ಕಾದೆ.

ನಿನ್ನ ಕಾಗದ ಬಂದಾಗ ನಾನು ನಿಜವಾಗಲೂ ಸ್ನಾನಕ್ಕೆ ಹೋಗಿದ್ದೆ. ಅಕ್ಕ ಬಾಗಿಲ ಸಂದಿಯಲ್ಲಿ ತೂರಿಸಿದಳು. ಒದ್ದೆ ತಲೆಯಲ್ಲೇ ಕೂತು ಓದಿದೆ. ಅರ್ಧ ಗಂಟೆಯೊಳಗೆ ಆ ಹೆಂಗಸಿಗೆ ಫೋನ್ ಮಾಡಿ, "ನಾನು ಹೋದ ವರ್ಷ ಬರ್ಕೊಟ್ಟಿದ್ರಲ್ಲಿ ಒಂದು ಸುಳ್ಳಿದೆ, ತಿದ್ಬೇಕು" ಎಂದೆ. "ಯಾರಾದ್ರೂ ನಿಮಗೆ ಹೇಳಿದ್ರಾ?" ಎಂದು ಕೇಳಿದಳು. ಹೌದು, ಲೋರ್ನಾ ನಿನ್ನೆಯೇ ಬರೆದಳು ಎಂದೆ. ಅವಳು ಅದನ್ನೂ ಬರೆದುಕೊಂಡಳು. ಇನ್ನು ಮುಳುಗಿದೆ ಎಂದುಕೊಂಡೆ. ಆಗಸ್ಟಿನಲ್ಲಿ ಎರಡು ದಿನ ಕೂರಿಸಿ ಮೊದಲಿನಿಂದ ಎಲ್ಲ ಕೇಳಿದರು. ಒಂದನ್ನೂ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಹೋದ ವಾರ ಕ್ಲಿಯರೆನ್ಸ್ ಕೊಟ್ಟರು. ಸೋಮವಾರದಿಂದ, ನನಗೆ ಕೆಲಸ ಕೊಡಲು ಮುಂದೆ ಬಂದ, ಇಲ್ಲಿಂದ ಒಂದು ಗಂಟೆ ದಾರಿಯ ಯಾರ್ಡಿನಲ್ಲಿ ನಕ್ಷೆ ಕೋಣೆಗೆ ಸೇರುತ್ತಿದ್ದೇನೆ. ಆ ಊರಿಗೆ ನಾನು ವಾಪಸು ಬರುವುದಿಲ್ಲ. ಮ್ಯಾನಿಯ ಕಲ್ಲನ್ನು ನೀನೇ ನೋಡಿಕೋ.

ನಿನ್ನ ಬ್ಯಾಡ್ಜ್ ಹೋಯಿತಂತೆ. ನೀನು ಹೇಳಲಿಲ್ಲ, ವೆಂಡೆಲ್‌ನ ಹೆಂಡತಿ ಬರೆದಳು. ಬೇಲಿಯ ಹೊರಗಿನ ಗೋದಾಮಿನಲ್ಲಿ ಕೈಗವಸು, ಟೋಪಿ ಕೊಡುವ ಕೆಲಸವಂತೆ. ಚಳಿ ಜಾಸ್ತಿ ಅಲ್ಲಿ, ಒಳಗೆ ಉಣ್ಣೆಯದು ಹಾಕಿಕೋ.

ನಿನ್ನ ಹೆಸರು ಯಾಕೆ ಬರೆದೆ ಎಂದು ಆಕೆ ನಿನ್ನನ್ನು ಕೇಳಿದಳಲ್ಲ. ಕ್ಷಮಿಸಿಬಿಟ್ಟಿದ್ದೇನೆ ಎಂದು ತಿಳಿಯಬೇಡ. ಆ ಶುಕ್ರವಾರ ನೆನಪಾದರೆ ಈಗಲೂ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತೇನೆ. ನಿಮ್ಮನ್ನು ಚೆನ್ನಾಗಿ ಬಲ್ಲವರ ಮೂರು ಹೆಸರು ಬರೆಯಿರಿ ಎಂದಿತ್ತು. ಎರಡು ಹೆಸರನ್ನು, ಇಲ್ಲಿಯ ಪಾದ್ರಿ ಮತ್ತು ಅಡುಗೆಮನೆಯವಳು, ಐದು ನಿಮಿಷದಲ್ಲಿ ಬರೆದೆ. ಅವರಿಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ. ಮೂರನೆಯ ಸಾಲು ಒಂದು ವಾರ ಖಾಲಿ ಇತ್ತು. ಮ್ಯಾನಿ ಇಲ್ಲ. ಆ ಮಾತ್ರೆಗಳನ್ನು ಸುರಿಯುವಾಗ ನನ್ನ ತಲೆ ಹಿಡಿದುಕೊಂಡವಳು ನೀನು. ಇಡೀ ದೇಶದಲ್ಲಿ ಹುಡುಕಿದರೂ ನನ್ನನ್ನು ಬಲ್ಲವಳು ನೀನೊಬ್ಬಳೇ ಉಳಿದಿದ್ದೆ.

ಒಂದು ವರ್ಷ ಕಳೆದ ಮೇಲೆ ನೀನೂ ಅರ್ಜಿ ಹಾಕಬಹುದು. ಹಾಕು. ಮೂರು ಹೆಸರಿನಲ್ಲಿ ಒಂದು ನನ್ನದು ಬರೆ. ಅವರು ಬಂದರೆ ನಾನು ಇದ್ದದ್ದನ್ನೆಲ್ಲ ಹೇಳುತ್ತೇನೆ, ಉಪ್ಪಿನ ಬುಡ್ಡಿಯ ಸಮೇತ. ಹೇಳಿದ ದಿನವೇ ನಿನಗೆ ಬರೆಯುತ್ತೇನೆ.

ಬರ್ನಿ